ತಿಕೋಟಾದಲ್ಲಿ ಹಿಮ ಬಿದ್ದ ವರ್ಷ

ಅಮೆರಿಕದ ಒಂದು ಊರಿನ ಬಗ್ಗೆ ನನಗೆ ಗೊತ್ತಿರುವಷ್ಟು ಆ ಊರಿನ ಅರ್ಧ ಜನಕ್ಕೂ ಗೊತ್ತಿರಲಿಕ್ಕಿಲ್ಲ. ಅಲ್ಲಿಗೆ ನಾನು ಹೋಗಿಲ್ಲ, ಹೋಗುವವಳೂ ಅಲ್ಲ, ನನ್ನ ಹತ್ತಿರ ಪಾಸ್‌ಪೋರ್ಟೇ ಇಲ್ಲ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪಾಪ, ಅದರ ತಪ್ಪೇನೂ ಇಲ್ಲ. ತಪ್ಪೆಲ್ಲ ಇಲ್ಲಿ, ವಿಜಯಪುರದಲ್ಲಿ ನಡೆದದ್ದು, ಅದರಲ್ಲಿ ದೊಡ್ಡ ಪಾಲು ನನ್ನದು.

ನಾನು ಪದವಿ ಕಾಲೇಜಿನಲ್ಲಿ ಭೂಗೋಳ ಕಲಿಸುವವಳು. ಕೊನೆಯ ಸೆಮಿಸ್ಟರಿನಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಊರನ್ನು ಆರಿಸಿಕೊಂಡು ಅದರ ಭೂಸ್ವರೂಪ, ಹವಾಮಾನ, ಅರ್ಥವ್ಯವಸ್ಥೆ ಅಭ್ಯಾಸ ಮಾಡಿ ವರದಿ ಬರೆಯಬೇಕು. ಇದಕ್ಕೆ ಪ್ರಾಜೆಕ್ಟ್ ಅನ್ನುತ್ತೇವೆ. ಮೊದಲ ವರ್ಷ ಒಬ್ಬರಿಗೂ ಅದು ಹೇಗಿರಬೇಕು ಎಂದು ಗೊತ್ತಿರಲಿಲ್ಲ. ಹಾಗಾಗಿ ಮಾದರಿಗೆಂದು ನಾನೇ ಒಂದನ್ನು ಬರೆದೆ. ಬೇಕಂತಲೇ ಅಮೆರಿಕದ ಊರನ್ನು ಆರಿಸಿಕೊಂಡೆ. ನನ್ನ ಹುಡುಗರನ್ನು ನಾನು ಬಲ್ಲೆ. ವಿಜಯಪುರದ ಮೇಲೆ ಬರೆದಿದ್ದರೆ ಮರುದಿನವೇ ನಲವತ್ತು ಗೋಳಗುಮ್ಮಟ ಎದ್ದು ನಿಲ್ಲುತ್ತಿದ್ದವು. ಏಳು ಸಮುದ್ರ ದಾಟಿದ ಊರನ್ನು ಹೇಗೆ ಕಾಪಿ ಹೊಡೆಯುತ್ತಾರೆ ನೋಡೋಣ ಎಂದುಕೊಂಡೆ. ಅಷ್ಟು ಶಾಣ್ಯಾಕಿ ನಾನು.

ಬರೆದದ್ದು ಮಾತ್ರ ಮನಸ್ಸಿಟ್ಟು ಬರೆದೆ. ಆ ಊರು ಅಮೆರಿಕದ ನಡುಭಾಗದಲ್ಲಿ, ಅಂಗೈಯಂತೆ ಸಪಾಟಾದ ನೆಲದ ಮೇಲಿದೆ. ಎಂದೋ ಒಂದು ಕಾಲದಲ್ಲಿ ಮಂಜುಗಡ್ಡೆಯ ದೊಡ್ಡ ಹಾಸು ಉತ್ತರದಿಂದ ಸರಿದು ಬಂದು ಗುಡ್ಡ ತಗ್ಗುಗಳನ್ನೆಲ್ಲ ತೀಡಿ ಹೋಗಿದೆ. ಮಣ್ಣು ಕಪ್ಪು, ನಮ್ಮ ಡೋಣಿ ಹೊಳೆ ದಂಡೆಯ ಎರೆಮಣ್ಣಿನಷ್ಟೇ ಕಪ್ಪು. ಅದನ್ನು ಓದಿದ ದಿನ ನನಗೆ ಬೀಗರ ಊರು ಸಿಕ್ಕಷ್ಟು ಖುಷಿಯಾಗಿತ್ತು. ಊರಿನ ಸುತ್ತ ಗೊಂಜಾಳ, ಅಂದರೆ ಮೆಕ್ಕೆಜೋಳ, ಮತ್ತು ಸೋಯಾ, ಕಣ್ಣು ಹಾಯುವವರೆಗೆ. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಜಾರಬಾರದೆಂದು ರಸ್ತೆಗೆ ಉಪ್ಪು ಎರಚುತ್ತಾರೆ. ಬೇಸಿಗೆಯಲ್ಲಿ ಮೈಗೆ ಅಂಟುವ ಸೆಕೆ. ವಸಂತದಲ್ಲಿ ಸುಂಟರಗಾಳಿಯ ಭಯ, ಅದಕ್ಕೊಂದು ಸೈರನ್ನು. ಊರಿನಲ್ಲಿ ದೊಡ್ಡ ಕಾರ್ಖಾನೆ ಇಲ್ಲ. ವಿಶ್ವವಿದ್ಯಾಲಯವೇ ಕಾರ್ಖಾನೆ. ಹೆಚ್ಚಿನ ನೌಕರಿ ಅಲ್ಲಿ, ಉಳಿದದ್ದು ಆಸ್ಪತ್ರೆಗಳಲ್ಲಿ. ಆಗಸ್ಟಿನಲ್ಲಿ ವಿದ್ಯಾರ್ಥಿಗಳು ಹಾಸಿಗೆ ಮಂಚ ಸಮೇತ ಬಂದು ಇಳಿದಾಗ ಊರು ಉಬ್ಬುತ್ತದೆ, ಮೇ ತಿಂಗಳಲ್ಲಿ ಅವರು ಹೋದಾಗ ಬಾಡಿಗೆ ಮನೆಗಳು ಭಣಗುಡುತ್ತವೆ. ಶರತ್ಕಾಲದ ಶನಿವಾರಗಳಂದು ಅವರದೇ ಒಂದು ಬಗೆಯ ಫುಟ್‌ಬಾಲ್ ನೋಡಲು ಹೊರಗಿನಿಂದ ಜನ ಬಂದು ಹೋಟೆಲುಗಳು ತುಂಬುತ್ತವೆ. ಕಂಪ್ಯೂಟರಿನ ನಕಾಶೆಯಲ್ಲಿ ಆ ಊರಿನ ಓಣಿ ಓಣಿ ತಿರುಗಿದೆ. ಎಲ್ಲಿ ಕಾಫಿ ಅಂಗಡಿ, ಎಲ್ಲಿ ರೈಲು ಹಳಿ, ಎಲ್ಲಿ ಊರು ಮುಗಿದು ಹೊಲ ಶುರುವಾಗುತ್ತದೆ, ಎಲ್ಲ ಬಾಯಿಪಾಠ. ಅದೇ ನಾನು ಅಥಣಿ ರಸ್ತೆಯ ನನ್ನ ಮನೆಯಿಂದ ಅರ್ಧ ತಾಸಿನ ದಾರಿಯ ತಿಕೋಟಾದಲ್ಲಿ ಚಹಾ ಕುಡಿಯಲು ಬಿಟ್ಟರೆ ಬಸ್ಸಿನಿಂದ ಇಳಿದವಳಲ್ಲ.

ಮಾದರಿಯ ಒಂದು ಪ್ರತಿ ವಿಭಾಗದ ಮೇಜಿನ ಮೇಲಿತ್ತು. ಅದು ಯಾವಾಗ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಗೆ ಹೋಯಿತೋ ದೇವರಿಗೇ ಗೊತ್ತು. ಆ ವರ್ಷ ಬಂದ ವರದಿಗಳಲ್ಲಿ, ನಮ್ಮ ಪಕ್ಕದ ಬಬಲೇಶ್ವರದ ಮೇಲಿನ ಒಂದನ್ನು ತೆರೆದರೆ ಹೀಗಿತ್ತು: "ಬಬಲೇಶ್ವರವು ಹಿಮಹಾಸಿನಿಂದ ಸಪಾಟಾದ ಬಯಲಿನ ಮೇಲಿದೆ. ಬಬಲೇಶ್ವರ ವಿಶ್ವವಿದ್ಯಾಲಯವು ಇಲ್ಲಿನ ಅತಿ ದೊಡ್ಡ ಉದ್ಯೋಗದಾತ. ಶನಿವಾರದಂದು ಫುಟ್‌ಬಾಲ್ ನೋಡಲು ಬರುವವರಿಂದ ಹೋಟೆಲುಗಳು ತುಂಬಿ ತುಳುಕುತ್ತವೆ." ಅಂಗಡಿಯವನು ಕಂಪ್ಯೂಟರಿನಲ್ಲಿ ಊರಿನ ಹೆಸರೊಂದನ್ನೇ ಬದಲಿಸಿ ಉಳಿದದ್ದನ್ನೆಲ್ಲ ಇದ್ದ ಹಾಗೆಯೇ ಬಿಟ್ಟಿದ್ದ. ನಾನು ಬಿದ್ದು ಬಿದ್ದು ನಕ್ಕೆ. ಸ್ಟಾಫ್ ರೂಮಿನಲ್ಲಿ ಓದಿ ಎಲ್ಲರನ್ನೂ ನಗಿಸಿದೆ. ನಕ್ಕು ಮುಗಿಸಿ ಅದಕ್ಕೆ ಸಹಿ ಮಾಡಿದವಳೂ ನಾನೇ.

ಎರಡನೆಯ ವರ್ಷ ಜಗಳಕ್ಕೆಂದೇ ಆ ಅಂಗಡಿಗೆ ಹೋದೆ. ಅಂಗಡಿಯವನು ಎದ್ದು ನಿಂತು ಕುರ್ಚಿ ಒರೆಸಿ ಕೊಟ್ಟ.

"ಬರ್ರಿ ಮೇಡಂ, ಕುಂದರ್ರಿ. ನಿಮ್ಮ ಪ್ರಾಜೆಕ್ಟ್ ಭಾಳ ನಡ್ಯಾಕತ್ತೈತ್ರಿ. ಇತಿಹಾಸದ್ದೂ ಒಂದು ಬರದ್ ಕೊಡಾಕ ಆಗ್ತೈತೇನ್ರಿ?"

ಅವನ ಮುಖದಲ್ಲಿ ಕುಚೋದ್ಯ ಇರಲಿಲ್ಲ, ಗೌರವವಿತ್ತು. ಬೈಯಲು ಹೋದವಳು ಅವನು ತರಿಸಿದ ಚಹಾ ಕುಡಿದು ಬಂದೆ.

ಮೂರನೆಯ ವರ್ಷದಿಂದ ಓದುವುದನ್ನೇ ಬಿಟ್ಟೆ. ಓದಿ ಏನು ಮಾಡುವುದು? ಹೊರಗಿನಿಂದ ಬರುವ ಪರೀಕ್ಷಕರೂ ಓದುವುದಿಲ್ಲ. ಕಪ್ಪು ರೆಕ್ಸಿನ್ ರಟ್ಟು, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ, ಕೈಯಲ್ಲಿ ಹಿಡಿದರೆ ತೂಕ, ಇಷ್ಟಿದ್ದರೆ ಅಂಕ. ಹತ್ತು ಗಂಟೆಗೆ ಬಂದು ಶಿರಾ ಉಪ್ಪಿಟ್ಟು ತಿಂದು, ಅದೇ ಎಣ್ಣೆಗೈಯಲ್ಲಿ ಪುಟ ತಿರುವಿ, "ನಿನ್ನ ಪ್ರಾಜೆಕ್ಟಿನ ಹೆಸರೇನವಾ?" ಎಂದು ರಟ್ಟಿನ ಮೇಲೇ ಬರೆದದ್ದನ್ನು ಕೇಳಿ ಮುಗಿಸುತ್ತಾರೆ. ಆ ಎಣ್ಣೆಯ ಬೆರಳಚ್ಚು ನೋಡಿದರೆ ನನಗೆ ಹೇಸಿಗೆ. ಅದರ ಕೆಳಗೆ, "ಇದು ಅಭ್ಯರ್ಥಿಯ ಸ್ವಂತ ಕ್ಷೇತ್ರಕಾರ್ಯವೆಂದು ದೃಢೀಕರಿಸುತ್ತೇನೆ" ಎಂಬ ಸಾಲಿನಡಿ ನನ್ನ ಸಹಿ ನೋಡಿದರೆ ಇನ್ನೂ ಹೇಸಿಗೆ. ವರ್ಷಕ್ಕೆ ನಲವತ್ತು ಸಹಿ. ಸಹಿ ಮಾಡುವಾಗ ಮೊಬೈಲಿನಲ್ಲಿ ಮಾತಾಡುತ್ತಿರುತ್ತಿದ್ದೆ. ಬೇಲಿ ಹೊಲ ಮೇಯುವುದು ಹಸಿವಿಗಲ್ಲ, ಬೇಸರಕ್ಕೆ ಎಂದು ನನಗೆ ಆಗ ತಿಳಿಯಿತು.

ಹೀಗಿರುವಾಗ ತಿಕೋಟಾದ ಆ ಹುಡುಗಿ ನನ್ನ ತರಗತಿಗೆ ಬಂದಳು. ಅವಳ ತಾಯಿ ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಕೂಲಿ ಮಾಡುವವಳು. ರಜೆಯಲ್ಲಿ ಇವಳೂ ಹೋಗುತ್ತಿದ್ದಳು. ಮುಂದಿನ ಬೆಂಚಿನಲ್ಲಿ ಕೂತು, ನಾನು ಗೋಡೆಗೆ ನಕಾಶೆ ತೂಗುಹಾಕುವುದರೊಳಗೆ ಅದರಲ್ಲಿ ಏನೋ ಹುಡುಕಲು ಶುರು ಮಾಡುವಂಥವಳು. ಒಂದು ಸಲ ಕೇಳಿದ್ದಳು: "ಮೇಡಂ, ಇದರಾಗ ನಮ್ಮೂರು ಬರೇ ಒಂದು ಚುಕ್ಕಿ ಐತಲ್ರಿ. ಇದನ್ನ ದೊಡ್ಡದು ಮಾಡಿ ಬರಿಯಾಕ ಏನ್ ಓದಬೇಕ್ರಿ?" ಭೂಗೋಳದಲ್ಲಿ ಎಂ.ಎ. ಮಾಡಬೇಕವಾ ಎಂದಿದ್ದೆ. ಅಂದಿನಿಂದ ಅವಳಿಗೆ ಅದೇ ಹಟ. ಸೀಟು ಅಂಕದ ಮೇಲೆ. ಪ್ರಾಜೆಕ್ಟಿನ ಅಂಕ ಚೆನ್ನಾಗಿ ಬಂದರೆ ಸೀಟು, ಇಲ್ಲದಿದ್ದರೆ ತಾಯಿಯ ಜೊತೆ ಶೆಡ್ಡು. ತಾಯಿ ಹಾಗೆಂದೇ ಹೇಳಿಬಿಟ್ಟಿದ್ದಾಳೆ ಎಂದು ಅವಳೇ ನನಗೆ ಹೇಳಿದ್ದಳು.

ಮಾರ್ಚ್ ತಿಂಗಳಲ್ಲಿ ಒಂದು ಮಧ್ಯಾಹ್ನ ಉದ್ದನೆಯ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟಳು. ಕೈಬರಹ. ನಡುನಡುವೆ ಪೆನ್ಸಿಲಿನ ಚಿತ್ರ.

"ಪ್ರಾಜೆಕ್ಟ್ ಬರದೀನ್ರಿ ಮೇಡಂ. ಒಮ್ಮಿ ಓದ್ರಿ."

ಹೊರಗೆ ಬಿಸಿಲು ಕೆಂಡ ಕಾರುತ್ತಿತ್ತು, ಕರೆಂಟು ಹೋಗಿತ್ತು, ಕಿಟಕಿ ತೆಗೆದರೆ ರಸ್ತೆ ಅಗೆದ ಧೂಳು, ಮುಚ್ಚಿದರೆ ಗಟಾರದ ನಾತ. ನನಗೆ ಊರಿನ ಮೇಲೆ, ಕೆಲಸದ ಮೇಲೆ, ನಲವತ್ತು ಹುಡುಗರ ಮೇಲೆ ಸಿಟ್ಟು. ಮೊದಲ ಪುಟದ ಮೊದಲ ಸಾಲು "ನಮ್ಮವ್ವ ಹೇಳತಾಳ" ಎಂದು ಶುರುವಾಗಿತ್ತು. ಅಲ್ಲಿಗೇ ಮುಚ್ಚಿದೆ.

"ಇದೇನವಾ ಇದು? ಅಧ್ಯಾಯ ಇಲ್ಲ, ತಲೆಬರಹ ಇಲ್ಲ. ಅವ್ವ ಹೇಳಿದ್ದು ಭೂಗೋಳ ಆಗ್ತೈತೇನು? ಸ್ಯಾಂಪಲ್ ಹೆಂಗೈತಿ ಹಂಗ ಮಾಡ್ಕೊಂಡು ಬಾ, ಹೋಗು."

ಅವಳು ನೋಟ್‌ಬುಕ್ ಎತ್ತಿಕೊಂಡು "ಆತ್ರಿ ಮೇಡಂ" ಎಂದಳು. ತಿಂಗಳ ನಂತರ ಬಂದ ಕಪ್ಪು ರಟ್ಟಿನ ರಾಶಿಯಲ್ಲಿ ಅವಳದೂ ಇತ್ತು. ಎಲ್ಲದಕ್ಕೂ ಮಾಡಿದಂತೆ ಅದಕ್ಕೂ ಸಹಿ ಮಾಡಿದೆ. ಇವಳಂತೂ ತಾನೇ ಬರೆದಿರುತ್ತಾಳೆ, ತಲೆಬರಹ ಸೇರಿಸಿರುತ್ತಾಳೆ ಎಂದು ಮನಸ್ಸಿಗೆ ಹೇಳಿಕೊಂಡೆ.

ಮೌಖಿಕ ಪರೀಕ್ಷೆ ಮೇ ತಿಂಗಳಲ್ಲಿ ಬಂತು. ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಪರೀಕ್ಷಕರು ಕರವಸ್ತ್ರವನ್ನು ಕೊರಳಪಟ್ಟಿಯೊಳಗೆ ತುರುಕಿಕೊಂಡು ಕೂತಿದ್ದರು. ಈ ಹುಡುಗಿಯ ಸರದಿ ಬಂದಾಗ, ಅದೇನು ಹುಕಿ ಬಂತೋ, ಅವಳ ವರದಿಯ ನಡುವಿನ ಪುಟ ತೆಗೆದು ಗಟ್ಟಿಯಾಗಿ ಓದಿದರು.

"'ತಿಕೋಟಾದಲ್ಲಿ ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಹಿಮ ಬೀಳುವುದರಿಂದ ರಸ್ತೆಗಳಿಗೆ ಉಪ್ಪು ಎರಚಲಾಗುತ್ತದೆ.' ಶಾಬಾಷ್! ಭಾಳ ಚಲೋ ಭಾಷಾ ಐತಿ."

ಓದಿದ್ದು ಅವರ ಕಿವಿಗೇ ಬಿದ್ದಿರಲಿಲ್ಲ. ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿದು ಹೋಯಿತು.

"ತಿಕೋಟಾದಾಗ ಹಿಮಾ ಯಾವಾಗ ಬಿದ್ದೈತಿ? ನೀ ನೋಡೀಯೇನು?"

"ಇಲ್ರಿ ಮೇಡಂ, ಬಿದ್ದಿಲ್ರಿ."

"ಮತ್ತ ಯಾಕ ಬರದಿ?"

ಅವಳು ನನ್ನನ್ನು ನೋಡಿದ ರೀತಿಯಲ್ಲಿ ಹೆದರಿಕೆ ಇರಲಿಲ್ಲ. ಅರ್ಥವಾಗದ ಕಳವಳವಿತ್ತು. "ನೀವ ಬರದಿದ್ರಲ್ರಿ. ಹೆಂಗೈತಿ ಹಂಗ ಮಾಡು ಅಂದಿದ್ರಿ. ನಂದು ನೀವು ಓದಲಿಲ್ಲಲ್ರಿ."

ಪರೀಕ್ಷಕರು ಹೊಟ್ಟೆ ಕುಣಿಸಿ ನಕ್ಕು, "ಹೋಗ್ಲಿ ಬಿಡ್ರಿ ಮೇಡಂ, ಮುಂದಿನವರನ್ನ ಕಳಸ್ರಿ" ಎಂದರು.

ಕಾರಿಡಾರಿನಲ್ಲಿ ಅವಳನ್ನು ಹಿಡಿದು ನಿಲ್ಲಿಸಿ ಆ ನೋಟ್‌ಬುಕ್ ಎಲ್ಲಿ ಎಂದು ಕೇಳಿದೆ. ಚೀಲದಲ್ಲೇ ಇತ್ತು. ಪರೀಕ್ಷಕರು ಊಟಕ್ಕೆ ಕೂತ ಹೊತ್ತಿನಲ್ಲಿ ವಿಭಾಗದಲ್ಲಿ ಬಾಗಿಲು ಹಾಕಿಕೊಂಡು ಓದಿದೆ.

"ನಮ್ಮವ್ವ ಹೇಳತಾಳ, ಮಣೂಕದ ಬಣ್ಣ ನೋಡಿದರೆ ಆ ವಾರದ ಹವೆ ಹೇಳಬಹುದು" ಎಂದು ಶುರು ಮಾಡಿದ್ದಳು. ಒಣದ್ರಾಕ್ಷಿಗೆ ನಮ್ಮಲ್ಲಿ ಮಣೂಕ ಅನ್ನುತ್ತಾರೆ. ಒಣಗಾಳಿ ಬೀಸಿದ ವಾರದ್ದು ಹಸಿರು ಬಂಗಾರ, ಮೋಡ ಕವಿದ ವಾರದ್ದು ಕಪ್ಪು. ಬಣ್ಣ ಕಪ್ಪಾದರೆ ಹೆಂಗಸರಿಗೆ ಆರಿಸುವ ಕೆಲಸ ಹೆಚ್ಚು, ಮಾಲಕನ ಬೈಗುಳವೂ ಹೆಚ್ಚು. ಯಾವ ಶೆಡ್ಡಿನ ಬಾಯಿ ಯಾವ ದಿಕ್ಕಿಗಿದೆ, ಯಾಕೆ, ಗಾಳಿ ಎತ್ತಲಿಂದ, ಪೆನ್ಸಿಲಿನಲ್ಲಿ ಒಂದೊಂದನ್ನೂ ತೋರಿಸಿದ್ದಳು. ದ್ರಾಕ್ಷಿಯನ್ನು ಔಷಧ ಬೆರೆಸಿದ ನೀರಲ್ಲಿ ಅದ್ದುವ ಕೈಗಳ ಚರ್ಮ ಯಾವ ತಿಂಗಳಲ್ಲಿ ಸುಲಿಯುತ್ತದೆ ಎಂದಿತ್ತು. ಕಾಲುವೆ ನೀರು ಬರುವ ಮುಂಚೆ ಓಣಿಯ ಎಷ್ಟೋ ಮನೆಗಳಿಗೆ ಬೇಸಿಗೆಯಲ್ಲಿ ಕೀಲಿ ಬೀಳುತ್ತಿತ್ತು, ಜನ ದುಡಿಯಲು ದೂರ ಹೋಗುತ್ತಿದ್ದರು. ಈಗ ಅದೇ ಬೇಸಿಗೆಯಲ್ಲಿ ಹೊರಗಿನವರು ಬಂದು ಅದೇ ಓಣಿಯಲ್ಲಿ ಬಾಡಿಗೆ ಮನೆ ಕೇಳುತ್ತಾರೆ. ಹವಾಮಾನ ಒಂದು ಅಧ್ಯಾಯ, ಅರ್ಥವ್ಯವಸ್ಥೆ ಇನ್ನೊಂದು ಅಧ್ಯಾಯ ಎಂದು ಜನ್ಮವಿಡೀ ಬೋರ್ಡಿನ ಮೇಲೆ ಬರೆದವಳು ನಾನು. ಅವೆರಡೂ ಒಂದೇ ಎಂದು ಈ ಹುಡುಗಿ ತಾಯಿಯ ಕೈ ನೋಡಿ ಬರೆದಿದ್ದಳು. ಓದಿ ಮುಗಿದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ನನ್ನ ಅಮೆರಿಕದ ಊರು ಅದರ ಮುಂದೆ ಎಂಜಲು.

ನೋಟ್‌ಬುಕ್ ಹಿಡಿದುಕೊಂಡು ಪರೀಕ್ಷಕರ ಹತ್ತಿರ ಹೋದೆ. ಇದು ಅವಳ ನಿಜವಾದ ಕೆಲಸ, ಅಂಕ ಇದಕ್ಕೆ ಕೊಡಿ ಎಂದೆ. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

"ಯಾಕ ಸುಮ್ನ ತಲಿ ಕೆಡಿಸ್ಕೊಳ್ಳಾಕತ್ತೀರಿ ಮೇಡಂ? ಆ ಬೈಂಡ್ ಮಾಡಿದ್ದಕ್ಕ ಸಹಿ ಮಾಡಿದವರು ನೀವು. ಅದು ಸುಳ್ಳಂದ್ರ ಉಳಿದ ಮೂವತ್ತೊಂಬತ್ತೂ ಸುಳ್ಳ ಆಗ್ತಾವ. ನನ್ನ ಸಹಿ ಸುಳ್ಳೈತಿ ಅಂತ ಬರದ್ ಕೊಡ್ರಿ, ಈಗಿಂದೀಗ ಬದಲ್ ಮಾಡೂಣು."

ಪೆನ್ನು ನನ್ನ ಕೈಯಲ್ಲೇ ಇತ್ತು. ನನ್ನ ನೌಕರಿ, ನಿವೃತ್ತಿಗೆ ಉಳಿದ ವರ್ಷಗಳು, ಸ್ಟಾಫ್ ರೂಮಿನ ಬಾಯಿಗಳು, ಎಲ್ಲ ಕಣ್ಣ ಮುಂದೆ ಬಂದವು. ಬರೆದರೆ ಹುಡುಗಿಗೂ ತೊಂದರೆ ಎಂಬ ಸಬೂಬನ್ನೂ ಹುಡುಕಿಕೊಂಡೆ. ಪರೀಕ್ಷಕರು ಎಲೆಯ ಕಡೆ ತಿರುಗಿ, "ನಿಮ್ಮ ಸಲುವಾಗಿ ಆಕಿಗೆ ಎಲ್ಲಾರಿಗಿಂತ ಹೆಚ್ಚು ಹಾಕ್ತೀನಿ, ಆತಲ್ಲ?" ಎಂದರು. ನಾನು ಆಯಿತು ಎಂದೆ.

ಹಾಗೆ ತಿಕೋಟಾದ ಹಿಮಕ್ಕೆ ಆ ವರ್ಷದ ಅತಿ ಹೆಚ್ಚು ಅಂಕ ಬಂತು. ಹುಡುಗಿಗೆ ಸೀಟೂ ಸಿಕ್ಕಿತು. ಪೇಡೆಯ ಡಬ್ಬಿ ಹಿಡಿದುಕೊಂಡು ವಿಭಾಗಕ್ಕೆ ಬಂದಳು, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಕಾಲು ಹಿಂದೆಳೆದುಕೊಳ್ಳಬೇಕೆನಿಸಿದರೂ ಸುಮ್ಮನೆ ನಿಂತಿದ್ದೆ. ಕಪಾಟಿನಲ್ಲಿ ಇಟ್ಟಿದ್ದ ಅವಳ ನೋಟ್‌ಬುಕ್ ತೆಗೆದು ಕೈಗೆ ಕೊಡಲು ಹೋದೆ. ಎಂ.ಎ.ಯಲ್ಲಿ ಇದನ್ನೇ ಬೆಳೆಸು, ಇಂಥದ್ದನ್ನು ನಾನು ಎಲ್ಲೂ ಓದಿಲ್ಲ, ಅಂದು ಓದದೆ ಕಳಿಸಿದ್ದು ನನ್ನ ತಪ್ಪು ಎಂದೆಲ್ಲ ಹೇಳಿದೆ.

ಅವಳು ನಾಚಿಕೆಯಿಂದ ನಕ್ಕಳು. ನೋಟ್‌ಬುಕ್ಕಿಗೆ ಕೈ ಚಾಚಲಿಲ್ಲ.

"ಅದನ್ನ ಒಗದ್ ಬಿಡ್ರಿ ಮೇಡಂ. ಆಗ ನನಗ ತಿಳದಿದ್ದಿಲ್ಲ. ಅದರಾಗ ಬರೇ ನಮ್ಮೂರೈತಿ."