ಕೈಯಲ್ಲಿ ಏನಿದೆ ಎಂಬ ಕಾಲಂ

ಬೆಂಗಳೂರಿನ ಕಾಡುಗೋಡಿಯಲ್ಲಿ ನಮ್ಮ ಆಫೀಸು ಒಂದು ಪೇಂಟ್ ಅಂಗಡಿಯ ಮೇಲಿತ್ತು. ಹುಲಿ ಎಣಿಸುವ ಆಫೀಸು ಎಂದರೆ ಮನೆ ಓನರ್ ನಗುತ್ತಿದ್ದರು. ಕಾಡಿನ ದಾರಿಗಳಲ್ಲಿ ಮರಕ್ಕೆ ಕಟ್ಟಿದ ಕ್ಯಾಮೆರಾಗಳು ಎದುರಿಗೆ ಏನು ಹಾದರೂ ತಾವೇ ಫೋಟೋ ತೆಗೆಯುತ್ತಿದ್ದವು. ಹದಿನೈದು ದಿನಕ್ಕೊಮ್ಮೆ ಅವುಗಳ ಕಾರ್ಡುಗಳು ಬಸ್ಸಿನಲ್ಲಿ ಬರುತ್ತಿದ್ದವು. ಒಂದೊಂದೇ ಫೋಟೋ ತೆರೆದು ಅದರಲ್ಲಿ ಏನಿದೆ ಎಂದು ಟೈಪ್ ಮಾಡುವುದು ನನ್ನ ಕೆಲಸ. ಜಿಂಕೆ. ಜಿಂಕೆ. ಖಾಲಿ. ದನ. ಹುಲಿ ಬಂದರೆ ಪಕ್ಕೆಯ ಪಟ್ಟೆಗಳನ್ನು ಹಳೆಯ ಫೋಟೋಗಳಿಗೆ ಹೋಲಿಸಿ ಅದರ ನಂಬರ್ ಹಾಕಬೇಕು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ.

ನಾನು ಆ ಕಾಡಿನಂಚಿನ ಊರಿನವನು. ಎಸ್ಸೆಸ್ಸೆಲ್ಸಿ ಪಾಸಾಗುವಾಗ ಇಪ್ಪತ್ತಾರಾಗಿತ್ತು. ಅಲ್ಲಿ ಕ್ಯಾಮೆರಾ ಕಟ್ಟುವ ಕೂಲಿಗೆ ಹೋಗುತ್ತಿದ್ದವನನ್ನು, ಓದು ಬರಹ ಬರುತ್ತದೆ ಎಂದು, ಆಫೀಸು ನಡೆಸುವ ಮೇಡಂ ಇಲ್ಲಿಗೆ ಕರೆತಂದರು. ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದೆ.

“ಗುರು, ನೀನು ಹುಲಿ ಅಂತ ಹೊಡೆಯೋದ್ರೊಳಗೆ ಅದು ಕೇರಳಕ್ಕೆ ಹೋಗಿರತ್ತೆ,” ಎನ್ನುತ್ತಿದ್ದ ಪಕ್ಕದ ಮೇಜಿನವನು.

ಮನುಷ್ಯರ ಫೋಟೋ ಬಂದರೆ ಇನ್ನೊಂದು ಕಾಲಂ ತುಂಬಬೇಕಿತ್ತು: ಕೈಯಲ್ಲಿ ಏನಿದೆ. ಸೌದೆ, ಕತ್ತಿ, ಹಗ್ಗ ಎಂದು ಬರೆದರೆ ಅದು ನಮ್ಮಲ್ಲೇ ಉಳಿಯುತ್ತಿತ್ತು. ಸೌದೆಗೆ ಹೋಗುವವರ ತಂಟೆ ಬೇಡ ಎನ್ನುತ್ತಿದ್ದರು ಮೇಡಂ. ತಂತಿ ಎಂದರೆ ಪ್ರಾಣಿಗೆ ಉರುಳು, ಹಾಗೆ ಬರೆದರೆ ಅವತ್ತೇ ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಫೋನು. ವಾಚರುಗಳು ಆ ಜಾಗವನ್ನೆಲ್ಲ ಹುಡುಕಿ ಉರುಳು ಕಿತ್ತು ಬರುತ್ತಿದ್ದರು.

ಒಂದು ಬೆಳಿಗ್ಗೆ ತೆರೆದ ಫೋಟೋದಲ್ಲಿ ಭಾವ ಇದ್ದರು, ನನ್ನ ಅಕ್ಕನ ಗಂಡ. ಮುಖ ಚೆನ್ನಾಗಿ ಬಿದ್ದಿತ್ತು. ಕೈಯಲ್ಲಿ ಬೈಕಿನ ಕ್ಲಚ್ ಕೇಬಲ್ಲಿನ ಸುರುಳಿ. ರಾಗಿ ಹೊಲಕ್ಕೆ ನುಗ್ಗುವ ಹಂದಿಗೆ ಅವರು ಉರುಳು ಇಡುವುದು ಊರಿಗೇ ಗೊತ್ತಿತ್ತು. ಕಾಡಿನೊಳಗೂ ಇಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಅಕ್ಕನಿಗೆ ಎರಡು ಮಕ್ಕಳು. ನಾನು ಹಗ್ಗ ಎಂದು ಟೈಪ್ ಮಾಡಿದೆ. ಮುಂದಿನ ಫೋಟೋದಲ್ಲಿ ಕಪ್ಪು ಮುಖದ ಮುಸುವ ಇತ್ತು. ಮುಸುವ ಎಂದು ಟೈಪ್ ಮಾಡಿದೆ.

ಮುಂದಿನ ಸಲ ಬಂದ ಕಾರ್ಡುಗಳಲ್ಲಿ ಅದೇ ಕ್ಯಾಮೆರಾದ ಮುಂದೆ ಹದಿನಾಲ್ಕನೇ ನಂಬರಿನ ಹೆಣ್ಣು ಹುಲಿ ನಿಂತಿತ್ತು. ಎರಡು ಮರಿಗಳ ತಾಯಿ. ಕುತ್ತಿಗೆಯಲ್ಲಿ ತಂತಿ ಒಳಕ್ಕೆ ಇಳಿದಿತ್ತು, ಕಿತ್ತ ತುದಿ ನೇತಾಡುತ್ತಿತ್ತು. ದಿನಾಂಕ ನೋಡಿದೆ. ನಾನು ಹಗ್ಗ ಎಂದು ಬರೆದ ಮೂರನೇ ದಿನದ್ದು.

ಮೇಡಂ ಹತ್ತಿರ ಹೋಗಿ, “ಹೋದ ಸಲ ಒಂದು ಸುಳ್ಳು ಬರೆದಿದ್ದೀನಿ ಮೇಡಂ,” ಎಂದೆ.

ಅವರು ಬಂದು ಎರಡೂ ಫೋಟೋ ನೋಡಿದರು. “ಇದು ಕೇಬಲ್ ಅಲ್ವೇನ್ರೀ? ಹಗ್ಗ ಅಂತ ಯಾಕ್ ಬರೆದ್ರಿ?”

“ಅವ್ರು ನಮ್ಮ ಭಾವ.”

ಕೆಳಗೆ ಪೇಂಟ್ ಕಲಸುವ ಮಿಷನ್ ಓಡುತ್ತಿತ್ತು. ಮೇಡಂ ಹುಲಿಯ ಫೋಟೋದ ದಿನಾಂಕದ ಮೇಲೆ ಬೆರಳಿಟ್ಟರು.

“ಅವತ್ತೇ ಹೇಳಿದ್ರೆ ಉರುಳು ಕಿತ್ತು ಬೈದು ಬಿಡ್ತಿದ್ರು. ಈಗ ಹುಲಿ ಕೇಸ್ ಆಗತ್ತೆ. ಫೋನ್ ಮಾಡ್ಲಾ?”

ಯಾಕೆ ನನ್ನನ್ನು ಕೇಳಿದರೋ ಇವತ್ತಿಗೂ ಗೊತ್ತಿಲ್ಲ. “ಮಾಡಿ,” ಎಂದೆ. ಕಾಲಂನಲ್ಲಿ ಹಗ್ಗ ಅಳಿಸಿ ತಂತಿ ಎಂದು ಹಾಕಿದೆ.

ವಾಚರುಗಳಿಗೆ ಇನ್ನೂ ಮೂರು ಉರುಳು ಸಿಕ್ಕವು. ಡಾಕ್ಟರು ಅರಿವಳಿಕೆ ಬಂದೂಕು ಹಿಡಿದು ಎಂಟು ದಿನ ಹುಡುಕಿದರು. ಹುಲಿ ಸಿಗಲಿಲ್ಲ. ಭಾವನನ್ನು ಹಿಡಿದು ಜೈಲಿಗೆ ಕಳಿಸಿದರು.

ಅಕ್ಕ ಪಕ್ಕದ ಮನೆಯ ಮೊಬೈಲಿನಿಂದ ಫೋನ್ ಮಾಡಿದಳು.

“ಪೋಟ ಬೆಂಗ್ಳೂರಿಂದ ಬಂತಂತೆ. ನೀನೆಯಾ ಕೊಟ್ಟದ್ದು?”

“ನಾನೇ.”

“ರಾಗಿ ತಿನ್ನೋ ಅಂದಿಗೆ ಕಟ್ಟಿದ್ದು ಕಣಪ್ಪ. ಉಲಿ ಬತ್ತದೆ ಅಂತ ಯಾರ್ ಕಂಡಿದ್ರು.”

“ಗೊತ್ತು ಕಣಕ್ಕ.”

“ಗೊತ್ತಿದ್ದೂವೆ ಕೊಟ್ಟೆಯಲ್ಲ.”

ಮೊದಲು ಮುಚ್ಚಿಟ್ಟವನೂ ನಾನೇ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅವಳು ಫೋನ್ ಇಟ್ಟಳು. ಅಳು ಬರಬಹುದು ಎಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಬರಲಿಲ್ಲ. ಒಳಗೆ ಹೋಗಿ ಉಳಿದ ಫೋಟೋ ಮುಗಿಸಿದೆ.

ಒಂದು ತಿಂಗಳಾದ ಮೇಲೆ ಹಳ್ಳದ ಹತ್ತಿರದ ಕ್ಯಾಮೆರಾದಲ್ಲಿ ಎರಡು ಮರಿಗಳು ಬಂದವು. ಪಕ್ಕೆಲುಬು ಕಾಣುತ್ತಿತ್ತು. ಪಟ್ಟೆ ಹೋಲಿಸಿದೆ, ಹದಿನಾಲ್ಕರ ಮರಿಗಳೇ. ಹುಲಿ, ಎರಡು, ಎಂದು ಟೈಪ್ ಮಾಡಿದೆ.

ಪಕ್ಕದವನು ಬಗ್ಗಿ ನೋಡಿದ. “ತಾಯಿ ಇಲ್ವೇನೋ?”

“ಈ ಕಾರ್ಡಲ್ಲಿ ಇಲ್ಲ.”

“ಇನ್ನೂ ಆರು ಕಾರ್ಡ್ ಇದೆ ಕಣೋ. ನೋಡು.”

ನೋಡಿದೆ. ಸಂಜೆ ಐದೂವರೆಗೆ ಆರೂ ಮುಗಿದವು. ಅವಳು ಇರಲಿಲ್ಲ.