ಶಾಂತಕ್ಕನ ಮುಂಜಾನೆಯ ಗೊನೆ

ದ್ರಾಕ್ಷಿಗೆ ಗೊಬ್ಬರ ಮಾರುವ ಕಂಪನಿಯೊಂದರ ವಾಟ್ಸಾಪ್ ಗ್ರೂಪ್ ನೋಡಿಕೊಳ್ಳುವುದು ನನ್ನ ಕೆಲಸ. ದಿನಾ ಮುಂಜಾನೆ ಅದರಲ್ಲಿ ಮೊದಲು ಬರುವುದು ಬಿಜ್ಜರಗಿಯ ಶಾಂತಕ್ಕನ ಫೋಟೊ. ಇಬ್ಬನಿ ಹೊತ್ತ ಒಂದು ಗೊನೆ, ಹಿಂದೆ ಹಾಲಿನಂಥ ಬೆಳಕು, ಕೆಳಗೆ ನಮ್ಮ ಗೊಬ್ಬರದ ಹೆಸರು. ನೋಡುತ್ತಾ ಕೂತರೆ ನನ್ನ ಚಹಾ ಆರಿಹೋಗುತ್ತಿತ್ತು.

ಆ ಫೋಟೊಗಳನ್ನು ನೋಡಿಯೇ ನಿಷ್ಠಾವಂತ ಗ್ರಾಹಕಿ ಎಂದು ಕಂಪನಿ ಅವರಿಗೊಂದು ಶಾಲು ಕೊಟ್ಟು ನನ್ನನ್ನು ಕಳಿಸಿತು. ಹೋಗಿ ನೋಡಿದರೆ ಅವರ ಪಡದಲ್ಲಿ, ಅಂದರೆ ದ್ರಾಕ್ಷಿ ತೋಟದಲ್ಲಿ, ಬಳ್ಳಿಯೇ ಇಲ್ಲ! ಎದೆಮಟ್ಟ ಬೆಳೆದ ತೊಗರಿ ಹಳದಿ ಹೂ ಹೊತ್ತು ತೂಗುತ್ತಿತ್ತು. ಯಾರದೋ ಕನಸಿನೊಳಗೆ ಕಾಲಿಟ್ಟವನಂತೆ ನಿಂತೆ.

"ಬಳ್ಳಿ ಮುದಿ ಆಗಿದ್ದೂರಿ. ಕಿತ್ತು ಎರಡ ವರ್ಷಾತು," ಅಂದರು ಶಾಂತಕ್ಕ. "ಹಳೇ ಫೋಟೊ ಭಾಳ ಅದಾವ. ದಿನಾ ಒಂದ ಹಾಕತೇನಿ."

"ಹಂಗಾರ ನಮ್ಮ ಗೊಬ್ಬರಾ?"

"ತೊಗರಿಗ್ಯಾಕ ಬೇಕ್ರಿ ಅದು?" ಅಂದವರು ಫೋನನ್ನು ಸೆರಗಿನೊಳಗೆ ಮರೆಮಾಡಿಕೊಂಡರು. "ಗ್ರೂಪಿನಿಂದ ನನ್ನ ತಗೀತೀರೇನ್ರಿ?"

ಕೊಳ್ಳದವರನ್ನು ತೆಗೆಯಬೇಕೆಂಬುದೇ ಕಂಪನಿಯ ನಿಯಮ. ಶಾಲು ಹೊದಿಸಿ ಹೊರಟೆ.

ದಾರಿಯಲ್ಲಿ ಸಿಕ್ಕ ಘೋಣಸಗಿಯ ಬೆಳೆಗಾರನೊಬ್ಬ ಅದೇ ಗ್ರೂಪಿನವನು. ಗುಟ್ಟೆಂಬಂತೆ ಅವನಿಗೆ ಹೇಳಿದೆ. ಅವನು ನಕ್ಕ.

"ಅದು ನಮಗೆಲ್ಲಾ ಗೊತ್ತೈತ್ರಿ ಸಾಹೇಬ್ರ. ಅಕ್ಕನ ಗೊನಿ ನೋಡಲಾರದ ನಾವು ಪಡಕ್ಕ ಕಾಲಿಡೂದಿಲ್ಲ. ನಿಮ್ಮ ಗೊಬ್ಬರಾ ಕೊಳ್ಳಲಿಲ್ಲಂದ್ರ ಗ್ರೂಪಿನಿಂದ ತಗೀತೀರಲ್ಲಾ, ಅದಕ್ಕ ಕೊಳ್ಳತೇವಿ."

ಮರುದಿನ ಆಫೀಸಿಗೆ ವರದಿ ಬರೆದೆ: ನಮ್ಮ ಗೊಬ್ಬರದ ಗುಣಕ್ಕೆ ಗ್ರಾಹಕರು ಮಾರುಹೋಗಿದ್ದಾರೆ.