ಬೇರೆಯವರ ಕೈಯ ಗಾಳಿ

ನಿದ್ದೆಯಲ್ಲಿ ಉಸಿರಿಗೆ ಗಾಳಿ ಊದುವ ಯಂತ್ರದ ಮಾಸ್ಕನ್ನು ಚನಬಸಪ್ಪ ಮೊದಲ ದಿನವೇ ಗೋಡೆಗೆ ಬೀಸಿ ಒಡೆದ. ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೆಲ್ಲ ಯಾರೋ ಎದೆಯ ಮೇಲೆ ಕುಳಿತು ಬಾಯಿಗೆ ಕೈ ತುರುಕಿದಂತಾಯಿತು. ಪಟ್ಟಿ ಬಿಚ್ಚುವ ವ್ಯವಧಾನವೂ ಇಲ್ಲದೆ ಅದನ್ನು ಕಿತ್ತು, ಕೊಳವೆ ಸಮೇತ ಎಸೆದ. ಕಿವಿಯ ಹಿಂದಿನ ಚರ್ಮ ಸುಲಿದು ರಕ್ತ ಬಂತು. ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ಯಂತ್ರ ಮಾತ್ರ ಏನೂ ನಡೆದಿಲ್ಲವೆಂಬಂತೆ ಬುಸ್ಸೆಂದು ಊದುತ್ತಲೇ ಇತ್ತು. ಹೆಂಡತಿ ಭುವನೇಶ್ವರಿ ಸ್ವಿಚ್ ಆರಿಸಿದಳು, ಪ್ಲಾಸ್ಟಿಕ್ ಚೂರುಗಳನ್ನು ಆಯ್ದಳು, ಗಂಡನ ಕಿವಿಗೆ ಅರಿಶಿನ ಹಚ್ಚಿದಳು.

ಹುನಗುಂದದ ಕಡೆಯಿಂದ ಅಪ್ರೆಂಟಿಸ್ ಆಗಿ ಬಂದು, ಪೀಣ್ಯದ ಹತ್ತಿರದ ಸರ್ಕಾರಿ ಕಾರ್ಖಾನೆಯೊಂದರ ಮಷಿನ್ ಶಾಪಿನಲ್ಲಿ ಕಾಯಂ ಆದವನು ಚನಬಸಪ್ಪ. ಬಂದಾಗ ಅವನದು ಗರಡಿಯಲ್ಲಿ ಪಳಗಿದ ಮೈ. ಮೆಟ್ರೊ ರೈಲು ಪೀಣ್ಯಕ್ಕೆ ಬಂದ ವರ್ಷದ ಹೊತ್ತಿಗೆ ತೂಕ ಒಂದೂವರೆ ಕ್ವಿಂಟಲ್ ಮುಟ್ಟಿತ್ತು. ಸಕ್ಕರೆ ಕಾಯಿಲೆಗಿಂತ, ರಕ್ತದೊತ್ತಡಕ್ಕಿಂತ ಅವನನ್ನು ಹೆಚ್ಚು ಕಾಡಿದ್ದು ನಿದ್ದೆ. ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಒಮ್ಮೆ ಸಾವಿನ ಮನೆಯಲ್ಲಿ ಹೆಣದ ಎದುರಿಗೇ ಗೊರಕೆ ಹೊಡೆದಿದ್ದ. ಕೊನೆಗೆ ಗ್ರೈಂಡಿಂಗ್ ಮಷಿನ್ ಮುಂದೆ ತೂಕಡಿಸಿದಾಗ ಅಂಗಿಯ ತೋಳು ಕಲ್ಲಿಗೆ ಸಿಕ್ಕಿ, ಮುಂಗೈ ಮೂಳೆ ಕಾಣುವವರೆಗೆ ತೇದುಹೋಯಿತು. ಇನ್ನೊಮ್ಮೆ ಹೀಗಾದರೆ ಕೈಯೇ ಇರುವುದಿಲ್ಲವೆಂದು ಕಾರ್ಖಾನೆಯ ವೈದ್ಯರು ಹೇಳಿ, ಹೊಟ್ಟೆ ಕಿರಿದು ಮಾಡುವ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಗೆ ಬರೆದುಕೊಟ್ಟರು.

ಅಲ್ಲಿ ಅಡ್ಡ ನಿಂತವರು ಅರಿವಳಿಕೆ ವೈದ್ಯೆ ಡಾಕ್ಟರ್ ಸಮನ್ವಿತಾ. ಗಂಟಲೆಂಬುದು ಕಬ್ಬಿಣದ ಪೈಪಲ್ಲ. ಸ್ನಾಯುಗಳು ಎತ್ತಿ ಹಿಡಿದಿರುವ ಮೆತ್ತನೆಯ ಹಾದಿ. ನಿದ್ದೆಯಲ್ಲಿ ಸ್ನಾಯು ಸಡಿಲವಾದೊಡನೆ ಸುತ್ತಲಿನ ಕೊಬ್ಬು ಒತ್ತಿ ಹಾದಿ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಬೆದರಿ ಮಲಗಿದವನನ್ನು ಒದ್ದು ಎಬ್ಬಿಸುತ್ತದೆ. ರಾತ್ರಿಯಿಡೀ ಬಿದ್ದ ಈ ಒದೆತಗಳಲ್ಲಿ ಒಂದೂ ಅವನ ನೆನಪಿನಲ್ಲಿರುವುದಿಲ್ಲ. ಬೆಳಗ್ಗೆ ಉಳಿಯುವುದು ಪೆಟ್ಟು ತಿಂದವನ ಆಯಾಸ ಮಾತ್ರ. ಅರಿವಳಿಕೆಯ ಅಮಲಿನಲ್ಲಿ ಮಿದುಳಿಗೆ ಒದೆಯುವ ಶಕ್ತಿಯೂ ಇರುವುದಿಲ್ಲ. ಆದ್ದರಿಂದ ಒಂದು ತಿಂಗಳು ಈ ಯಂತ್ರದ ಗಾಳಿಯಲ್ಲಿ ಮಲಗಿ ತೋರಿಸಿದ ಮೇಲೆಯೇ ಶಸ್ತ್ರಚಿಕಿತ್ಸೆ, ಹಗಲು ಮಲಗಿದರೂ ಮಾಸ್ಕ್ ಇರಬೇಕು ಎಂದರು ಆಕೆ. ಎಷ್ಟು ಹೊತ್ತು ಹಾಕಿಕೊಂಡನೆಂಬುದನ್ನು ಯಂತ್ರವೇ ಅವರಿಗೆ ತಿಳಿಸುತ್ತಿತ್ತು.

ಹೊಸ ಮಾಸ್ಕ್ ತಂದುಕೊಟ್ಟ ತಂತ್ರಜ್ಞ ಧೈರ್ಯ ಹೇಳಿದ. ಕಾರ್ಖಾನೆಯಲ್ಲಿ ಮಷಿನುಗಳಿಗೆ ಗಾಳಿ ಒಯ್ಯುವ ಏರ್ ಲೈನಿನ ಒತ್ತಡದ ಐನೂರರಲ್ಲಿ ಒಂದು ಪಾಲೂ ಇದರಲ್ಲಿಲ್ಲ, ಬಿಸಿ ಟೀ ಆರಿಸುವಂತೆ ಊದುವುದಷ್ಟೇ ಎಂದ. ಹೋಲಿಕೆ ಸರಿಯಾಗಿಯೇ ಇತ್ತು. ಚನಬಸಪ್ಪನಿಗೆ ಆ ಲೆಕ್ಕ ಅರ್ಥವೂ ಆಯಿತು. ಆದರೆ ಭಯಕ್ಕೆ ಲೆಕ್ಕ ಓದಲು ಬರುತ್ತಿರಲಿಲ್ಲ. ತಂತ್ರಜ್ಞ ಏರ್ ಲೈನಿನ ಹೆಸರೆತ್ತಿದ್ದೇ ತಡ, ಚನಬಸಪ್ಪ ಅಂಗೈಯಿಂದ ಬಾಯಿ ಮುಚ್ಚಿಕೊಂಡ.

ಅದಕ್ಕೆ ಕಾರಣವಿತ್ತು. ಅದನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ.

ಶಾಪಿನಲ್ಲಿ ಲೋಹದ ಚೂರು ಹಾರಿಸಲು ಏರ್ ಲೈನಿಗೆ ಸಿಕ್ಕಿಸಿದ ಏರ್ ಗನ್ ಇರುತ್ತದೆ. ತೂಕಡಿಸುವ ಚನಬಸಪ್ಪನನ್ನು ಅದರಿಂದ ಎಬ್ಬಿಸುವುದು ವರ್ಷಗಟ್ಟಲೆ ನಡೆದ ಆಟ. ಕತ್ತಿಗೆ ಹೊಡೆಯುವರು, ಕಿವಿಗೆ ಹೊಡೆಯುವರು, ಅಂಗಿಯೊಳಗೆ ತೂರಿಸಿ ಹೊಟ್ಟೆ ಕುಣಿಯುವುದನ್ನು ನೋಡಿ ನಗುವರು. ಆಟದ ಮುಂದಾಳು ಲಕ್ಷ್ಮಣಪ್ಪನೆಂಬ, ಲೇತು ನಡೆಸುವ ಟರ್ನರ್. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಚನಬಸಪ್ಪ ಬೆಂಚಿನ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದ.

"ಟೈರಿಗೆ ಗಾಳಿ ಕಮ್ಮಿ ಆಗೈತೆ ಗುರು" ಎಂದ ಲಕ್ಷ್ಮಣಪ್ಪ, ಗನ್ನಿನ ತುದಿಯನ್ನು ಬಾಯೊಳಗಿಟ್ಟು ಒತ್ತಿದ.

ಹುಳುಕು ಹಲ್ಲಿನ ಬುಡದ ಗಾಯವನ್ನು ಸೀಳಿಕೊಂಡು ಗಾಳಿ ಕೆನ್ನೆಯ ಮಾಂಸಕ್ಕೆ ನುಗ್ಗಿತು. ಮುಖ ಒಂದು ಕಡೆ ಕುಂಬಳಕಾಯಿಯಂತೆ ಉಬ್ಬಿತು, ಕಣ್ಣು ಮುಚ್ಚಿಹೋಯಿತು. ಆಮೇಲೆ ವೈದ್ಯರು ಬೆರಳಿಂದ ಒತ್ತಿದಾಗ ಚರ್ಮದಡಿ ಉಪ್ಪು ಹುರಿದಂತೆ ಚಟಚಟ ಸದ್ದು. ಆದರೆ ವೈದ್ಯರ ಬಳಿ ಹೋಗುವ ಮೊದಲೇ ಚನಬಸಪ್ಪ ಲೇತಿನ ಚಕ್ ಕೀ ಎಂಬ ಉಕ್ಕಿನ ಹಿಡಿಕೆಯನ್ನು ಎತ್ತಿಕೊಂಡು ಲಕ್ಷ್ಮಣಪ್ಪನ ದವಡೆಗೆ ಬೀಸಿದ್ದ. ಮೂಳೆ ಮುರಿದ ಸದ್ದು ಮಷಿನುಗಳ ಗದ್ದಲದಲ್ಲೂ ಕೇಳಿಸಿತು. ಬಿದ್ದವನ ಭುಜಕ್ಕೆ ಮತ್ತೊಮ್ಮೆ ಬೀಸಿದ. ಇಬ್ಬರೂ ಅಮಾನತಾಗಿ, ವಿಚಾರಣೆ ಮುಗಿದ ಮೇಲೆ ಕೆಲಸಕ್ಕೆ ಮರಳಿದರು. ನಿದ್ದೆಗಣ್ಣಿನಲ್ಲಿ ಆಗಿಹೋಯಿತೆಂದು ಚನಬಸಪ್ಪ ವಿಚಾರಣೆಯಲ್ಲಿ ಹೇಳಿದ. ಮೊದಲ ಏಟಿನ ಮಟ್ಟಿಗೆ ಅದು ನಿಜ. ಎರಡನೆಯದನ್ನು ಅವನು ಕಣ್ಣು ಬಿಟ್ಟುಕೊಂಡೇ, ಜಾಗ ಆರಿಸಿ ಹೊಡೆದಿದ್ದ. ಹೆಂಡತಿಗೆ ಅವನು ಹೇಳಿದ್ದು ಜಗಳವಾಯಿತು, ಗಾಳಿ ಮುಖಕ್ಕೆ ತಾಗಿತು ಎಂದಷ್ಟೇ. ಮಲಗಿದ್ದವನ ಬಾಯಿಗೆ ಪೈಪ್ ಇಟ್ಟರೆಂದು ಹೇಳಲು ನಾಚಿಕೆ ಅಡ್ಡ ಬಂದಿತ್ತು.

ಹೀಗಾಗಿ ಭುವನೇಶ್ವರಿ ಏನೂ ತಿಳಿಯದೆ ಯೋಚಿಸಿದಳು. ಎಚ್ಚರವಿದ್ದಾಗಲೇ ಇವರಿಗೆ ಹೆದರಿಕೆ. ನಿದ್ದೆ ಹತ್ತಿದ ಮೇಲೆ ಮೆಲ್ಲನೆ ತೊಡಿಸಿದರೆ ಗೊತ್ತಾಗುವುದಿಲ್ಲ. ತಿಂಗಳು ಮುಗಿಯುತ್ತ ಬಂದಿತ್ತು, ಯಂತ್ರದ ಬಳಿ ಡಾಕ್ಟರರಿಗೆ ಹೇಳಲು ಏನೂ ಇರಲಿಲ್ಲ. ಗ್ರೈಂಡಿಂಗ್ ಕಲ್ಲು ತಿಂದ ಮುಂಗೈಯ ಕಲೆಯನ್ನು ಅವಳು ದಿನವೂ ನೋಡುತ್ತಿದ್ದಳು. ಒಂದು ಭಾನುವಾರ ಊಟವಾದ ಮೇಲೆ ಅವನು ಅಂಗಾತ ಮಲಗಿ ಗೊರಕೆ ಶುರುಮಾಡಿದಾಗ, ಮಗುವಿಗೆ ಕುಲಾವಿ ಕಟ್ಟುವಂತೆ ಪಟ್ಟಿ ಏರಿಸಿ, ಮಾಸ್ಕನ್ನು ಮೂಗು ಬಾಯಿಗಳ ಮೇಲೆ ಕೂರಿಸಿ ಸ್ವಿಚ್ ಹಾಕಿದಳು.

ಗಾಳಿ ಬಾಯಿಗೆ ನುಗ್ಗಿದ ಕ್ಷಣದಲ್ಲಿ ಚನಬಸಪ್ಪ ಶಾಪಿನ ಬೆಂಚಿನ ಮೇಲಿದ್ದ. ಮುಷ್ಟಿ ಎದುರಿನ ಮುಖಕ್ಕೆ ನೇರ ಬಡಿಯಿತು. ಭುವನೇಶ್ವರಿಯ ಮುಂದಿನ ಹಲ್ಲು ಮುರಿದು ತುಟಿ ಸೀಳಿತು. ಅವಳು ಬೀರುವಿಗೆ ಒರಗಿ ಕುಸಿದಳು. ಅವನು ಮಾಸ್ಕ್ ಕಿತ್ತು ಎದ್ದು, ತನ್ನ ಮನೆ, ತನ್ನ ಹೆಂಡತಿ, ಅವಳ ಸೆರಗಿನ ಮೇಲಿನ ರಕ್ತ ಎಲ್ಲವನ್ನೂ ಕಂಡ. ಕಂಡೂ ಕೆನ್ನೆಗೆ ಇನ್ನೊಂದು ಬಾರಿಸಿದ.

ಹಲ್ಲಿನ ಆಸ್ಪತ್ರೆಯಲ್ಲಿ ಅವಳು ಬಚ್ಚಲಲ್ಲಿ ಜಾರಿಬಿದ್ದೆ ಎಂದಳು. ವೈದ್ಯರು ತಲೆಯೆತ್ತದೆ ಹಾಗೆಯೇ ಬರೆದುಕೊಂಡರು. ಆಟೋದಲ್ಲಿ ಮರಳುವಾಗ, ಹತ್ತಿ ಕಚ್ಚಿದ್ದ ಬಾಯಿಯಿಂದಲೇ ಅವಳು ಹೇಳಿದಳು: "ಮೊದಲನೇದು ನಿದ್ದಿಯೊಳಗ ಹೊಡದ್ರಿ, ಒಪ್ಪತೇನಿ. ಎರಡನೇದು ಹೊಡಿಯೋ ಮುಂದ ನಿಮ್ಮ ಕಣ್ಣು ನನ್ನ ನೋಡಾಕತ್ತಿದ್ವು."

ಚನಬಸಪ್ಪ ಹೊರಗೆ ನೋಡಿದ. ಅಂದಿನಿಂದ ಅವಳು ಅಡುಗೆಮನೆಯಲ್ಲಿ ಹಾಸಿಕೊಂಡು ಒಳಗಿನಿಂದ ಚಿಲಕ ಹಾಕಿಕೊಳ್ಳತೊಡಗಿದಳು. ಮುಂಗೈ ಗಾಯವಾದಂದಿನಿಂದ ಅವನನ್ನು ಮಷಿನುಗಳಿಂದ ದೂರ, ಸಾಮಾನು ಎತ್ತಿಕೊಡುವ ಕೆಲಸಕ್ಕೆ ಹಾಕಿದ್ದರು. ಡಾಕ್ಟರ್ ಸಮನ್ವಿತಾ ಯಂತ್ರ ಹೇಳಿದ್ದನ್ನು ನೋಡಿ ಇನ್ನೊಂದು ತಿಂಗಳು ಕೊಟ್ಟರು. ಆಗಲೂ ಆಗದಿದ್ದರೆ ಶಸ್ತ್ರಚಿಕಿತ್ಸೆ ಕೈಬಿಡಬೇಕಾಗುತ್ತದೆ ಎಂದರು.

ಆ ವಾರವೇ ಶಾಪಿನಲ್ಲಿ ಒಂದು ಲೇತು ಗೇರು ಹಿಡಿದು ನಿಂತಿತು. ಅದು ಲಕ್ಷ್ಮಣಪ್ಪನದು. ಮಷಿನಿನೊಳಗೆ ಕೈ ಹಾಕುವವನು ಫ್ಯೂಸನ್ನು ತಾನೇ ಕಿತ್ತು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು, ಅಪ್ಪನ ಕೈಗೂ ಕೊಡಬಾರದು ಎಂಬುದು ಶಾಪಿನ ಹಳೆಯ ಕಟ್ಟಳೆ. ಲಕ್ಷ್ಮಣಪ್ಪ ಫ್ಯೂಸ್ ಕಿತ್ತು ಜೇಬಿಗಿಳಿಸಿದ, ಮೊಣಕೈವರೆಗೆ ಗೇರುಗಳ ನಡುವೆ ತೋಳು ಇಳಿಸಿದ. ತಲೆಯೆತ್ತಿದಾಗ ಮೇನ್ ಸ್ವಿಚ್ಚಿನ ಪಕ್ಕದಲ್ಲಿ ಟ್ರಾಲಿ ಹಿಡಿದು ನಿಂತ ಚನಬಸಪ್ಪ ಕಂಡ. ಲಕ್ಷ್ಮಣಪ್ಪನ ಇನ್ನೊಂದು ಕೈ ತಾನಾಗಿ ಜೇಬನ್ನು ತಡವಿತು.

"ಅಲ್ಲಿಂದ ಈಚೆ ಬಾರಪ್ಪ" ಎಂದ. ದವಡೆ ಸೊಟ್ಟಗೆ ಕೂಡಿಕೊಂಡಿದ್ದರಿಂದ ಮಾತು ಒಂದು ಪಕ್ಕದಿಂದ ಬಂತು.

"ಫ್ಯೂಸು ನಿನ್ನ ಕಿಸೇದಾಗ ಐತಲ್ಲೋ."

"ಐತೆ. ಆದ್ರೂ ಬಾ."

ವರ್ಷಗಳ ನಂತರ ಅವರಿಬ್ಬರೂ ಆಡಿದ ಮೊದಲ ಮಾತು ಅದು. ಕ್ಷಣಕಾಲ ಚನಬಸಪ್ಪ ಕದಲಲಿಲ್ಲ. ಫ್ಯೂಸ್ ಹಾಗೆ ಜೇಬಿನಲ್ಲಿಲ್ಲದಿದ್ದರೆ ತನ್ನ ಕೈ ಏನು ಮಾಡುತ್ತಿತ್ತೆಂದು ಅವನಿಗೆ ಗೊತ್ತಿತ್ತು. ಆ ತೋಳು ಗೇರಿನ ಹಲ್ಲುಗಳಲ್ಲಿ ನುರಿಯುವ ಸದ್ದು ಕೂಡ ಕಿವಿಯಲ್ಲಿ ಕೇಳಿಸಿತು. ಎದುರಿನವನ ಹಣೆಯ ಬೆವರನ್ನೂ ಅವನು ನೋಡಿದ. ಮೈಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಿದವನ ಭಯ ಅದು. ತನಗೆ ಮಾಸ್ಕಿನೊಳಗೆ ಆಗುತ್ತಿದ್ದುದೂ ಅದೇ. ಅವನು ಟ್ರಾಲಿ ತಳ್ಳಿಕೊಂಡು ಈಚೆ ಬಂದ.

ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ಕುಳಿತು, ಬೆಂಚು, ಬಾಯಿ, ಏರ್ ಗನ್ನು, ಚಕ್ ಕೀ ಎಲ್ಲವನ್ನೂ ಹೆಂಡತಿಗೆ ಹೇಳಿದ. ಕಣ್ಣು ಬಿಟ್ಟುಕೊಂಡೇ ಹೊಡೆದ ಎರಡನೆಯ ಏಟನ್ನೂ ಬಿಡಲಿಲ್ಲ.

"ನನ್ನ ಮಾರಿಗೆ ಇನ್ನ ಯಾರೂ ಗಾಳಿ ಹಚ್ಚಬಾರದು. ನಾನ ಹಚ್ಚಕೋತೇನಿ. ಸ್ವಿಚ್ಚು ನನ್ನ ಕೈಯಾಗ ಇರಬೇಕು."

ಭುವನೇಶ್ವರಿ ರೊಟ್ಟಿ ಬಡಿಯುತ್ತಿದ್ದಳು. "ಹಚ್ಚಕೋರಿ" ಎಂದಳು. "ಚಿಲಕ ಮಾತ್ರ ನನ್ನ ಕೈಯಾಗ ಇರತೈತಿ."

ಅವನು ಒಂದು ಸ್ವಿಚ್ ಬೋರ್ಡಿಗೆ ಉದ್ದನೆಯ ವೈರು ಹಾಕಿ ಅದನ್ನು ಎದೆಯ ಮೇಲಿಟ್ಟುಕೊಂಡ. ತಾನೇ ಮಾಸ್ಕ್ ಹಿಡಿದು, ತಾನೇ ಗಾಳಿ ಬಿಟ್ಟು, ಉಸಿರು ಕಟ್ಟಿದಂತಾದೊಡನೆ ತಾನೇ ಆರಿಸಿದ. ಮತ್ತೆ ಹಾಕಿದ. ಬೆವೆತು ಒದ್ದಾಡಿದ, ಮಂಚದ ಪಟ್ಟಿಗೆ ಗುದ್ದಿ ಗೆಣ್ಣು ಸುಲಿದುಕೊಂಡ, ಕೊಳವೆಯನ್ನು ಹಾವಿನಂತೆ ಹಿಸುಕಿದ. ಹೊಸ ಮಷಿನನ್ನು ಮೊದಲು ಖಾಲಿ ಓಡಿಸಿ ಪಳಗಿಸುವಂತೆ, ಕೆಲಸದಿಂದ ಬಂದು ಮಲಗುವವರೆಗೆ ಕೂತು, ನಿಂತು, ಟಿವಿ ನೋಡುತ್ತ ಅದನ್ನು ಹಾಕಿಕೊಂಡ. ಒಂದು ದಿನ ಬೋರ್ಡಿನ ಮೇಲೆ ಕೈಯಿಟ್ಟುಕೊಂಡೇ ನಿದ್ದೆ ಹೋದ. ಆಮೇಲಿನ ದಿನಗಳಲ್ಲೂ ಹೋದ. ಗೊರಕೆ ನಿಂತ ಮೌನದಲ್ಲಿ ಭುವನೇಶ್ವರಿಗೆ ಎಚ್ಚರವಾಗುತ್ತಿತ್ತು. ಅವಳು ಬಾಗಿಲಿಗೆ ಕಿವಿಗೊಟ್ಟು ಯಂತ್ರದ ಸದ್ದು ಕೇಳಿಸಿಕೊಳ್ಳುವಳು. ಚಿಲಕ ತೆಗೆಯುತ್ತಿರಲಿಲ್ಲ.

ಈ ಸಲ ಯಂತ್ರ ಹೇಳಿದ್ದನ್ನು ನೋಡಿ ಡಾಕ್ಟರ್ ಸಮನ್ವಿತಾ ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡಿದರು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅವನನ್ನು ಮಲಗಿಸಿ, ಎರಡೂ ಕೈಗಳನ್ನು ಪಕ್ಕದ ಹಲಗೆಗಳ ಮೇಲೆ ಚಾಚಿಸಿದರು. ತಲೆಯ ಹಿಂದಿನಿಂದ ಡಾಕ್ಟರರ ಕೈ ಕಪ್ಪು ರಬ್ಬರಿನ ಮಾಸ್ಕನ್ನು ಮುಖದ ಮೇಲೆ ಇಳಿಸತೊಡಗಿತು. ಅದು ಇನ್ನೊಬ್ಬರ ಕೈ. ಚನಬಸಪ್ಪನ ಬಲಗೈ ಮುಷ್ಟಿಯಾಗಿ ಮೇಲೆದ್ದಿತು. ಸಿಸ್ಟರ್ ಅದನ್ನು ಹಿಡಿಯಲು ಹೋಗಿ ತತ್ತರಿಸಿದರು.

"ಮೇಡಂ, ಕೈ ಕಟ್ಟರಿ" ಎಂದ ಅವನು, ಹಲ್ಲು ಕಚ್ಚಿಕೊಂಡು. "ಎಡಗೈ ಈಗ ಕಟ್ಟರಿ. ಬಲಗೈಯಾಗ ಆ ಮಾಸ್ಕ್ ಕೊಡ್ರಿ. ನಾನ ಹಚ್ಚಕೋತೇನಿ. ಕೈ ಸಡಿಲಾಗಿ ಬಿದ್ದ ಮ್ಯಾಲ ಅದನ್ನೂ ಕಟ್ಟರಿ, ಬಿಡಬ್ಯಾಡ್ರಿ."

ಡಾಕ್ಟರ್ ಸಮನ್ವಿತಾ ಮಾಸ್ಕನ್ನು ಅವನ ಬಲಗೈಗಿತ್ತರು. ಅವನು ಅದನ್ನು ಮೂಗು ಬಾಯಿಗಳ ಮೇಲೆ ಒತ್ತಿಕೊಂಡ. ಎಡಗೈಯ ಪಟ್ಟಿ ಬಿಗಿಯಿತು. ಗಾಳಿ ಬಂತು. ಅವನು ಅದನ್ನು ಎಳೆದುಕೊಂಡ. ರಕ್ತನಾಳದಲ್ಲಿ ಔಷಧಿ ತಣ್ಣಗೆ ಏರತೊಡಗಿದಾಗಲೂ ಬೆರಳುಗಳು ಮಾಸ್ಕನ್ನು ಬಿಟ್ಟಿರಲಿಲ್ಲ. ಆಮೇಲೆ ಒಂದೊಂದಾಗಿ ಬಿಟ್ಟವು. ಡಾಕ್ಟರ್ ಮಾಸ್ಕನ್ನು ಹಿಡಿದುಕೊಂಡರು. ಕೆಳಗೆ ಬಿದ್ದ ಕೈಯನ್ನು ಸಿಸ್ಟರ್ ಎತ್ತಿ ಹಲಗೆಯ ಮೇಲಿಟ್ಟು, ಅವನು ಹೇಳಿದಂತೆಯೇ ಕಟ್ಟಿದರು.